ಕಡಲ ತೆರೆ, ಬೆಳ್ಳಿತೆರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದರು. ಮುಳಿಹುಲ್ಲಿನ ಮಾಡಿನಡಿಯಲ್ಲಿ ನಡೆದ ಮೊದಲ ತರಗತಿ, ಗುರುಗಳ ನಾಗರಬೆತ್ತ, ಮಧ್ಯಾಹ್ನದ ಉಪ್ಪಿಟ್ಟು, ಇವುಗಳನ್ನೇ ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. 1975ರಲ್ಲಿ ಈ ಶಾಲೆಯ ಬಾಗಿಲು ತೆರೆದಾಗ ಒಂದನೆಯ ತರಗತಿಗೆ ಸೇರಿದವರಲ್ಲಿ ನಾನೂ ಒಬ್ಬನಾದುದರಿಂದ ಆ ನೆನಪುಗಳಿಗೆ ಬರವಿಲ್ಲ. ಆದರೆ ಅವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ನಾನು ಸಿನಿಮಾದ ಬಗೆಗೆ ಬರೆಯುತ್ತೇನೆಂದಾಗ ಮಿತ್ರರ ಮುಖ ಸ್ವಲ್ಪ ಬಾಡಿತು. ಕನ್ನಡ ಮಾಷ್ಟ್ರಿಗೆ ನಿವೃತ್ತಿಯ ಬಳಿಕ ಇದೆಂಥ ಹುಚ್ಚು ಎಂದುಕೊಂಡರೋ ಏನೋ!

ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಮಕ್ಕಳನ್ನು ಬೇಕಲ ಕೋಟೆಗೆ ಪ್ರವಾಸ ಕರೆದೊಯ್ದಿದ್ದೆ. ಕೊತ್ತಲದ ಮೇಲೆ ನಿಂತು ಕಡಲನ್ನು ನೋಡುತ್ತಿದ್ದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು, "ಮಾಷ್ಟ್ರೇ, ಇದು ಬಾಂಬೆ ಸಿನಿಮಾದ ಕೋಟೆಯಲ್ಲವಾ?" ಎಂದು ಕೇಳಿದಳು. ಹೌದೆಂದೆ. ಮಣಿರತ್ನಂ ಅವರ 1995ರ ಆ ಚಿತ್ರದ 'ಉಯಿರೇ' ಹಾಡನ್ನು ಅಲ್ಲಿಯೇ ಚಿತ್ರಿಸಿದ್ದು. ಮಳೆ, ಬಂಡೆ, ಪಾಚಿಗಟ್ಟಿದ ಗೋಡೆ, ಅಪ್ಪಳಿಸುವ ಅಲೆ, ಇವನ್ನು ನಾಡಿಗೆ ನಾಡೇ ನೋಡಿ ಮರುಳಾಯಿತು. "ಕಟ್ಟಿಸಿದ್ದು ಯಾರು, ಗೊತ್ತೇ?" ಎಂದು ನಾನು ಮರುಪ್ರಶ್ನೆ ಹಾಕಿದೆ. ಅವಳು ನಕ್ಕು, "ಸಿನಿಮಾದವರೇ ಇರಬೇಕು" ಎಂದಳು. ಉಳಿದವರು ಗೊಳ್ಳೆಂದು ನಕ್ಕರು, ಆದರೆ ಉತ್ತರ ಅವರಿಗೂ ತಿಳಿದಿರಲಿಲ್ಲ. ಕೆಳದಿಯ ಶಿವಪ್ಪನಾಯಕನ ಹೆಸರು, 1763ರಲ್ಲಿ ಹೈದರಾಲಿಯ ವಶವಾದದ್ದು, 1799ರ ಬಳಿಕ ಇಂಗ್ಲಿಷರ ಕೈಸೇರಿ ಬೇಕಲವೇ ಒಂದು ತಾಲೂಕಿನ ಕೇಂದ್ರವಾಗಿದ್ದದ್ದು, ಎಲ್ಲವನ್ನೂ ನಿಂತಲ್ಲಿಯೇ ಹೇಳಿದೆ. ಆದರೆ ಬಸ್ಸಿನಲ್ಲಿ ಮರಳುವಾಗ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದ ನಾನು, ಮಗುವೊಂದು ಸಿನಿಮಾದ ಹೆಸರೆತ್ತುವವರೆಗೆ ತರಗತಿಯಲ್ಲಿ ಬೇಕಲದ ಮಾತನ್ನೇ ಆಡಿರಲಿಲ್ಲ.

ಸಿನಿಮಾದವರನ್ನು ದೂರಿ ಫಲವಿಲ್ಲ. ಅವರಿಗೆ ಬೇಕಾದದ್ದು ಒಂದು ಕಡಲು, ಒಂದು ಗೋಡೆ, ಒಂದು ಮಳೆ. ಅದು ಯಾವ ಊರಾದರೂ ನಡೆಯುತ್ತದೆ. ನನ್ನ ಆಕ್ಷೇಪವಿರುವುದು ನಮ್ಮ ಮೇಲೆ. ಯಾರೋ ಬಂದು ನಮ್ಮೂರಿನ ಚಂದವನ್ನು ಸೆರೆಹಿಡಿದು ಹೋದರೆ ಸಾಕು, ನಾವು ಕೃತಾರ್ಥರಾಗಿಬಿಡುತ್ತೇವೆ. ಕರಾವಳಿ ಚಂದವಾಗಿದೆ, ನಿಜ. ಅದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಚಂದದ ನಡುವೆ ಯಾರು, ಯಾವ ಭಾಷೆಯಲ್ಲಿ, ಹೇಗೆ ಬದುಕುತ್ತಿದ್ದಾರೆಂಬುದನ್ನು ತೋರಿಸಿದ ಚಿತ್ರಗಳೆಷ್ಟು?

ಇವೆ. ನಮ್ಮ ಶಾಲೆ ಹುಟ್ಟಿದ 1975ರದೇ ಚಿತ್ರ, ಬಿ.ವಿ. ಕಾರಂತರು ನಿರ್ದೇಶಿಸಿದ 'ಚೋಮನ ದುಡಿ'. ಶಿವರಾಮ ಕಾರಂತರ 1933ರ ಕಾದಂಬರಿ. ರಾಷ್ಟ್ರದ ಸ್ವರ್ಣಕಮಲವನ್ನು ಪಡೆದು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನೂ ತಂದಿತು. ನಾನದನ್ನು ನೋಡಿದ್ದು ಬಹಳ ತಡವಾಗಿ, ಮಂಗಳೂರಿನಲ್ಲಿ ಓದುತ್ತಿದ್ದಾಗ. ಅದು ಕಪ್ಪು ಬಿಳುಪಿನ ಚಿತ್ರವೆಂಬುದನ್ನು ಗಮನಿಸಬೇಕು. ಹಸುರು ಬಣ್ಣವನ್ನು ಕಳೆದುಬಿಟ್ಟರೆ ನಮ್ಮ ಬೈಲು ಹೇಗೆ ಕಾಣುತ್ತದೆ? ಕೆಸರು, ಗುಡಿಸಲು, ಹೊಗೆ, ಬೇಸಾಯ ಮಾಡಬೇಕೆಂಬ ಆಸೆಯೊಂದನ್ನೇ ಕಟ್ಟಿಕೊಂಡು ಸವೆದ ಮುದುಕ. ನೋಟವನ್ನು ಮರುಳುಮಾಡುವ ಬಣ್ಣವಿಲ್ಲದಾಗ ಮನುಷ್ಯ ಎದ್ದು ಕಾಣುತ್ತಾನೆ. ಚಿತ್ರಮಂದಿರದಿಂದ ಊರಿಗೆ ಮರಳಿದಾಗ, ನಮ್ಮ ಮನೆಯ ಅಂಗಳದಾಚೆಗೇ ನಿಂತು ಕೂಲಿ ಪಡೆಯುತ್ತಿದ್ದವರ ಮುಖವನ್ನು ನಾನು ಮೊದಲ ಬಾರಿಗೆ ನೇರವಾಗಿ ನೋಡಿದೆ. ಅದಕ್ಕೆ ಮುಂಚೆ ಏಕೆ ನೋಡಿರಲಿಲ್ಲವೆಂಬುದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ.

ದೂರದರ್ಶನದ ಕಾಲವನ್ನು ನನ್ನ ವಯಸ್ಸಿನವರು ಮರೆತಿರಲಾರರು. ನಮ್ಮ ಬೈಲಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಆಂಟೆನಾವನ್ನು ಮಂಗಳೂರಿನ ಕಡೆಗೆ ತಿರುಗಿಸಿದರೆ ಕನ್ನಡ, ತೆಂಕಲಿಗೆ ತಿರುಗಿಸಿದರೆ ಮಲಯಾಳ. ಗಾಳಿ ಬಂದರೆ ಎರಡೂ ಇಲ್ಲ, ಬರೀ ಅಕ್ಕಿ ಹುರಿದಂತೆ ಸದ್ದು. ಒಬ್ಬ ಮಾಡಿನ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬ ಚಾವಡಿಯಲ್ಲಿ ನಿಂತು "ಬಂತಾ? ಹೋಯ್ತಾ?" ಎಂದು ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ತೊಂಬತ್ತರ ಆ ದಿನಗಳಲ್ಲಿ 'ಗುಡ್ಡದ ಭೂತ' ಧಾರಾವಾಹಿ ಬಂತು. ನಿರ್ದೇಶಿಸಿದವರು ಮುಲ್ಕಿ ಮೂಲದ ಸದಾನಂದ ಸುವರ್ಣರು, 'ಘಟಶ್ರಾದ್ಧ' ಚಿತ್ರದ ನಿರ್ಮಾಪಕರೂ ಅವರೇ, 2024ರಲ್ಲಿ ತೀರಿಕೊಂಡರು. ಮುಂದೆ ದೇಶಕ್ಕೇ ಪರಿಚಿತರಾದ ಪ್ರಕಾಶ್ ರೈ ಆಗಿನ್ನೂ ಹೊಸಮುಖ. ಶೀರ್ಷಿಕೆ ಗೀತೆ ತುಳುವಿನದು. ಮಾತು ಕನ್ನಡ, ಹಾಡು ತುಳು, ನೋಡುವ ನಮ್ಮೊಳಗೆ ಹವ್ಯಕರು, ಬ್ಯಾರಿಗಳು, ಬಿಲ್ಲವರು, ಮರಾಟಿಗಳು, ಮಣಿಯಾಣಿಗಳು. ಯಾರೂ ಯಾರಿಗೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಭೂತದ ಹೆಸರಿನಲ್ಲಿ ಮನುಷ್ಯರೇ ಆಡುವ ಆಟವನ್ನು ಆ ಧಾರಾವಾಹಿ ಬಿಚ್ಚಿಟ್ಟಿತು. ಆದರೂ ಕಂತು ಮುಗಿದ ಮೇಲೆ ನಾವು ಹತ್ತು ಹನ್ನೆರಡು ಮಂದಿ ಒಟ್ಟಾಗಿ ಸೂಟೆ ಬೀಸಿಕೊಂಡೇ ಮನೆಗೆ ಹೋಗುತ್ತಿದ್ದೆವೆಂಬುದನ್ನೂ ಒಪ್ಪಿಕೊಳ್ಳಬೇಕು.

ಒಂದೇ ಟಿ.ವಿ.ಯ ಮುಂದೆ ಊರೆಲ್ಲ ಕುಳಿತ ಆ ಚಾವಡಿಯನ್ನು ನೆನೆದಾಗಲೆಲ್ಲ ನನಗೆ ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ನೆನಪಾಗುತ್ತದೆ. ಕರಾವಳಿಯನ್ನು ಕುರಿತ ಚಿತ್ರಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ. 2008ರಲ್ಲಿ ತೆರೆಕಂಡ ಈ ಚಿತ್ರ ವೈದೇಹಿಯವರ ಕಥೆಯನ್ನು ಆಧರಿಸಿದ್ದು. ಕುಂದಾಪುರದ ಕಡೆಯ ಬೆಸ್ತರ ಊರು. ಸಿನಿಮಾ ನೋಡುವ ಹುಚ್ಚಿನ ಸೂಲಗಿತ್ತಿ ಗುಲಾಬಿ, ಮುಸಲ್ಮಾನ ಹೆಂಗಸು, ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಣ್ಣದ ಟಿ.ವಿ.ಯನ್ನೂ ಡಿಶ್ಶನ್ನೂ ಪಡೆಯುತ್ತಾಳೆ. ಗಂಡಸರು ಕಡಲಿಗೆ ಹೋದಾಗ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬಂದು ಕುಳಿತುಕೊಳ್ಳುತ್ತಾರೆ. ಕೆಲವರು ಒಳಗೆ ಬರಲು ಹಿಂಜರಿದು ಹೊರಗಿನಿಂದಲೇ ಇಣುಕುತ್ತಾರೆ. ಹಾಗೆ ಬೆಸೆದ ನಂಟು ಮುಂದೆ ಕಾರ್ಗಿಲ್ ಯುದ್ಧದ ದಿನಗಳ ಸುದ್ದಿಯಿಂದಲೂ ಮೀನುಗಾರಿಕೆಯ ವ್ಯವಹಾರದ ಪೈಪೋಟಿಯಿಂದಲೂ ಹರಿದುಹೋಗಿ, ಗುಲಾಬಿ ಊರನ್ನೇ ಬಿಡಬೇಕಾಗುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. 'ಚೋಮನ ದುಡಿ'ಗೂ ಇದಕ್ಕೂ ಛಾಯಾಗ್ರಾಹಕರು ಒಬ್ಬರೇ, ಎಸ್. ರಾಮಚಂದ್ರ. ಇಲ್ಲಿ ಬಣ್ಣವಿದೆ, ಕಡಲಿದೆ, ಹೊಳೆಯಿದೆ, ಆದರೆ ಒಂದು ಕ್ಷಣವೂ ಅದು ಪ್ರವಾಸಿಗರ ಕಡಲಾಗುವುದಿಲ್ಲ. ಬಲೆ, ದೋಣಿ, ಸಾಲ, ಟ್ರಾಲರಿನ ಧಣಿ, ಇವುಗಳ ಕಡಲು ಅದು.

ಮಲಯಾಳದವರ ಚಿತ್ರಗಳಲ್ಲಿ ನಮ್ಮ ಜಿಲ್ಲೆ ಬಹುಕಾಲ ದೂರದ, ನೀರಿಲ್ಲದ, ವರ್ಗಾವಣೆಯ ಶಿಕ್ಷೆಗೆ ಯೋಗ್ಯವಾದ ಮೂಲೆಯಾಗಿತ್ತು. 2017ರ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ' ಒಳ್ಳೆಯ ಚಿತ್ರವೇ. ಆದರೂ ಅಲ್ಲಿಯೂ ತೆಂಕಣ ಕೇರಳದ ದಂಪತಿಗಳು ಬದುಕನ್ನರಸಿ ಬರುವ ಬಡಗಣ ಸೀಮೆ ನಮ್ಮದು. ಅದನ್ನು ಬದಲಿಸಿದವರು ಕಾಞಂಗಾಡಿನ ಸೆನ್ನಾ ಹೆಗ್ಡೆ. ಅವರ 'ತಿಂಗಳಾಳ್ಚ ನಿಶ್ಚಯಂ' ಅಲ್ಲಿಯ ಮನೆಮಾತನ್ನೇ ಆಡಿ ಕೇರಳ ರಾಜ್ಯದ ದ್ವಿತೀಯ ಶ್ರೇಷ್ಠ ಚಿತ್ರವೆನಿಸಿತು. ಅವರು ಅದಕ್ಕೂ ಮೊದಲು, 2018ರಲ್ಲಿ, 'ಕಥೆಯೊಂದು ಶುರುವಾಗಿದೆ' ಎಂಬ ಕನ್ನಡ ಚಿತ್ರವನ್ನು ಮಾಡಿದ್ದರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಇನ್ನು ಎಲ್ಲರೂ ನಿರೀಕ್ಷಿಸುತ್ತಿರುವ ಚಿತ್ರಕ್ಕೆ ಬರೋಣ. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ.' ರಿಷಬ್ ಶೆಟ್ಟಿಯವರ ನಿರ್ದೇಶನದಲ್ಲಿ 2018ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಮ್ಮ ಬಸ್ಸಿನ ಫಲಕಗಳಲ್ಲಿಯೂ ಮಾಸಿಹೋಗುತ್ತಿದ್ದ ಹೆಸರು ಕರ್ನಾಟಕದ ಊರೂರಿನ ಗೋಡೆಗಳ ಮೇಲೆ ಕನ್ನಡದಲ್ಲಿ ಕಾಣಿಸಿಕೊಂಡಾಗ ಆದ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಕಳುಹಿಸಿದಾಗ ಮಕ್ಕಳು ಪಡುವ ಪಾಡನ್ನು ಚಿತ್ರ ನಗಿಸುತ್ತಲೇ ತೋರಿಸಿತು. ಅದು ಕಟ್ಟುಕತೆಯಲ್ಲ. ಆ ಬಗೆಯ ನೇಮಕಾತಿಯ ವಿರುದ್ಧ ನಾವು ಬಿಸಿಲಿನಲ್ಲಿ ಕುಳಿತು ಧರಣಿ ಮಾಡಿದ್ದೇವೆ.

ಆದರೆ ಕೊನೆಯ ಭಾಗದ ಬಗೆಗೆ ನನ್ನ ಭಿನ್ನಾಭಿಪ್ರಾಯವನ್ನು ಇಲ್ಲಿ ದಾಖಲಿಸಲೇಬೇಕು. ಶಾಲೆಯನ್ನು ಉಳಿಸಲು ಮೈಸೂರಿನಿಂದ ಒಬ್ಬರು ಬರಬೇಕಾಗುತ್ತದೆ. ಅನಂತನಾಗ್ ಅವರು ನ್ಯಾಯಾಲಯದಲ್ಲಿ ಸೊಗಸಾಗಿ ವಾದಿಸುತ್ತಾರೆ, ಶಾಲೆ ಉಳಿಯುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. 1956ರ ನವೆಂಬರ್ 1ರಿಂದ ಇಲ್ಲಿಯವರೆಗೆ ನಮ್ಮ ಶಾಲೆಗಳು ಉಳಿದದ್ದು ಹೀಗೆಯೇ? ಕಯ್ಯಾರ ಕಿಞ್ಞಣ್ಣ ರೈಗಳಂತಹವರು ಇಲ್ಲಿಯೇ ಇದ್ದು, ಇಲ್ಲಿಯೇ ಅಧ್ಯಾಪಕರಾಗಿ, ಇಲ್ಲಿಯೇ ದನಿಯೆತ್ತಿದ್ದರಿಂದಲ್ಲವೇ? ತೋಟದ ಅಡಿಕೆ ಮಾರಿ ಶಾಲೆಯ ಮಾಡಿಗೆ ಹಂಚು ಹಾಕಿಸಿದ ರೈತರಿಂದ, ಮಳೆಗಾಲದಲ್ಲಿ ಮಕ್ಕಳ ಕೈಹಿಡಿದು ತೋಡು ದಾಟಿಸಿದ ಹಿರಿಯರಿಂದಲ್ಲವೇ? ಗಡಿಯಾಚೆಯಿಂದ ಬರುವ ಉದ್ಧಾರಕನೊಬ್ಬನ ಕನಸನ್ನು ಚಿತ್ರ ನಮಗೆ ಕೊಟ್ಟಿತು. ಹಿತವಾದ ಕನಸು, ಆದುದರಿಂದಲೇ ಅಪಾಯದ ಕನಸು.

ಆ ಚಿತ್ರವನ್ನು ನೋಡುವಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಪರಿಚಿತರೊಬ್ಬರು ಕೊನೆಯಲ್ಲಿ ಕಣ್ಣೊರೆಸಿಕೊಂಡರು. ಅವರ ಮೊಮ್ಮಕ್ಕಳಿಬ್ಬರೂ ಆಂಗ್ಲ ಮಾಧ್ಯಮದ ಶಾಲೆಯಲ್ಲಿದ್ದರು. ಇದನ್ನು ಹೇಳಿ ಅವರನ್ನು ನಗೆಗೀಡು ಮಾಡುವ ಅಧಿಕಾರ ನನಗಿಲ್ಲ. ಏಕೆಂದರೆ ನನ್ನ ಮಗಳನ್ನು ಐದನೆಯ ತರಗತಿಯ ಬಳಿಕ ಆಂಗ್ಲ ಮಾಧ್ಯಮಕ್ಕೆ ಸೇರಿಸಿದವನು ನಾನೇ. ಇಂಜಿನಿಯರಿಂಗ್, ಕೆಲಸ, ಭವಿಷ್ಯ ಎಂದು ಮನೆಯಲ್ಲಿ ನಡೆದ ಚರ್ಚೆಯಲ್ಲಿ ನಾನು ಸೋತೆನೆಂದು ಹೇಳಿಕೊಳ್ಳುತ್ತಿದ್ದೆ. ಬಹುಶಃ ಸೋಲಬೇಕೆಂದೇ ಇದ್ದೆ. ಅವಳು ಈಗ ಪುಣೆಯಲ್ಲಿ ನೌಕರಿಯಲ್ಲಿದ್ದಾಳೆ. ಕನ್ನಡ ಮಾತನಾಡುತ್ತಾಳೆ, ನಾನು ಬರೆಯುವ ಈ ಲೇಖನವನ್ನು ಯಾರಾದರೂ ಓದಿ ಹೇಳಬೇಕು. ನಾನು ನಿವೃತ್ತನಾದ ವರ್ಷ ನಮ್ಮಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳು ಏಳು. ಆ ಸಂಖ್ಯೆಯಲ್ಲಿ ನನ್ನದೂ ಪಾಲಿದೆ.

'ಕಾಂತಾರ'ದ ಬಗೆಗೆ ಹೆಚ್ಚು ಹೇಳಲಾರೆ. 2022ರಲ್ಲಿ ಬಂದ ಆ ಚಿತ್ರ ಕೋಲವನ್ನು ಲೋಕಕ್ಕೆಲ್ಲ ತೋರಿಸಿತು, ಮಲಯಾಳಕ್ಕೂ ತುಳುವಿಗೂ ಡಬ್ ಆಯಿತು. ಆಮೇಲೆ ಶಾಲೆಯೊಂದರ ಛದ್ಮವೇಷ ಸ್ಪರ್ಧೆಯಲ್ಲಿ ಪುಟ್ಟ ಹುಡುಗನೊಬ್ಬ ದೈವದ ವೇಷ ತೊಟ್ಟು ಕೂಗಿ ಬಹುಮಾನ ಪಡೆದಾಗ, ಸಭೆಯಲ್ಲಿದ್ದ ನರ್ತಕ ಮನೆತನದ ಹಿರಿಯರೊಬ್ಬರು ತಲೆತಗ್ಗಿಸಿ ಎದ್ದು ಹೋದರು. ನಾನು ತೀರ್ಪುಗಾರರಲ್ಲೊಬ್ಬನಾಗಿದ್ದೆ. ಎದ್ದುಹೋಗಬೇಕಾದವನು ನಾನಾಗಿತ್ತು.

ಇತ್ತೀಚೆಗೆ ಮನಸ್ಸಿಗೆ ಸಂತೋಷ ಕೊಟ್ಟ ಚಿತ್ರವೆಂದರೆ 2025ರ ಜುಲೈಯಲ್ಲಿ ಬಂದ 'ಸು ಫ್ರಮ್ ಸೋ'. ಬರೆದು, ನಿರ್ದೇಶಿಸಿ, ನಟಿಸಿದ ಜೆ.ಪಿ. ತೂಮಿನಾಡು ಅವರೂ, 'ಸರ್ಕಾರಿ ಶಾಲೆ'ಯಿಂದಲೇ ನಮಗೆ ಪರಿಚಿತರಾಗಿದ್ದ ಪ್ರಕಾಶ್ ತೂಮಿನಾಡು ಅವರೂ ತಮ್ಮ ಹೆಸರಿನಲ್ಲಿಯೇ ಮಂಜೇಶ್ವರದ ಊರನ್ನು ಹೊತ್ತವರು. ಗೋವಿಂದ ಪೈಗಳ ಮಂಜೇಶ್ವರ! ತರುಣನೊಬ್ಬನ ಮೈಮೇಲೆ ಸುಲೋಚನಾ ಎಂಬ ಹೆಂಗಸಿನ ಪ್ರೇತ ಬಂದಿದೆಯೆಂದು ಊರಿಗೆ ಊರೇ ನಂಬುವ ಕಥೆ. 'ಗುಡ್ಡದ ಭೂತ'ದ ಮೊಮ್ಮಗನೆನ್ನಬಹುದು. ಅಲ್ಲಿ ಕಡಲನ್ನು ತೋರಿಸಿ ಮೆಚ್ಚಿಸುವ ಆತುರವಿಲ್ಲ. ಅಂಗಳ, ಮದುವೆಮನೆ, ಕುಡಿತ, ಹರಟೆ, ಎಲ್ಲರ ಮನೆಯ ವಿಷಯಕ್ಕೂ ತಲೆಹಾಕುವ ಅಣ್ಣಂದಿರು. ನಗಿಸಿ ನಗಿಸಿ ಕೊನೆಗೆ ಒಬ್ಬ ಹೆಂಗಸಿನ ಮಾನದ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ನಾಟಕದ ರಂಗದಿಂದ ಬಂದವರ ಕೈವಾಡ ಅದರಲ್ಲಿ ಕಾಣುತ್ತದೆ. ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಖರ್ಚು ದಂಡವೆಂದು ವಾದಿಸುವ ರಕ್ಷಕರಿಗೆ ಇದನ್ನು ತೋರಿಸಬೇಕು.

ಈ ಮಾತು ಬಂದದ್ದರಿಂದ ಒಂದು ಬೇಡಿಕೆ. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟೊಂದಿದೆ. ತೊಂಬತ್ತರ ದಶಕದ ವಾರ್ಷಿಕೋತ್ಸವದಂದು ಮಕ್ಕಳಾಡಿದ ಯಕ್ಷಗಾನ. ಗಲ್ಫಿನಿಂದ ಬಂದಿದ್ದ ಹಳೆ ವಿದ್ಯಾರ್ಥಿಯೊಬ್ಬರು ತಮ್ಮ ಕ್ಯಾಮರಾದಲ್ಲಿ ಚಿತ್ರಿಸಿದ್ದು. ಮೇಲೆ ಬೂಸಲು ಹಿಡಿದಿದೆ, ಅದನ್ನು ಓಡಿಸುವ ಯಂತ್ರ ಈಗ ನಮ್ಮೂರಿನಲ್ಲಿ ಯಾರಲ್ಲಿಯೂ ಇಲ್ಲ. ಅಂದು ಭಾಗವತಿಕೆ ಮಾಡಿದ ಅಧ್ಯಾಪಕರು ತೀರಿಹೋಗಿದ್ದಾರೆ. ಅವರ ದನಿ ಉಳಿದಿದ್ದರೆ ಅದರಲ್ಲಿ ಮಾತ್ರ. ಹಳೆಯ ವಿ.ಸಿ.ಆರ್. ಇಟ್ಟುಕೊಂಡ ಹಳೆ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಅದು ಕೆಟ್ಟಿದ್ದರೂ ಚಿಂತೆಯಿಲ್ಲ, ದಯವಿಟ್ಟು ಶಾಲೆಯ ಕಚೇರಿಗೆ ತಿಳಿಸಬೇಕು. ರಿಪೇರಿ ಮಾಡಿಸುವ ಖರ್ಚು ನನ್ನದು.