ಹುಳುವಿನ ಕುಲ ತಿಳಿಯಿರಿ



ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆಯಿತು, ಸಂತೋಷ. ಆದರೆ ಅಲ್ಲಿಯೂ, ಜಹೀರಾಬಾದ್, ನಾರಾಯಣಖೇಡದ ಕಡೆಯೂ ತೊಗರಿಕಾಯಿ ಕೆಟ್ಟೊಡನೆ ಹಲವರು ‘ಹುಳು’ ಎಂಬ ಒಂದೇ ಹೆಸರಿಟ್ಟು ಒಂದೇ ಔಷಧಿ ಹೊಡೆಯುವರು. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಆರು ಕಾಲಿನ ಕೀಟಗಳನ್ನು ರೆಕ್ಕೆ, ಬಾಯಿ ನೋಡಿ ವಿಂಗಡಿಸತಕ್ಕದ್ದು. ಕಾಯಿಕೊರಕವು ಹುಡಿರೆಕ್ಕೆಯ ಪತಂಗದ ಮರಿ; ಗಿಡ ಅಲುಗಿಸಿದರೆ ಉದುರುತ್ತದೆ. ಎರಡೇ ರೆಕ್ಕೆಯ ಕಾಯಿನೊಣದ ಮರಿ ಕಾಯೊಳಗೇ ಅಡಗಿರುತ್ತದೆ, ಅಲುಗಿಸಿ ಫಲವಿಲ್ಲ. ತಿಗಣೆಯು ಸೂಜಿಬಾಯಿಯಿಂದ ರಸ ಹೀರುತ್ತದೆ. ಗಟ್ಟಿರೆಕ್ಕೆಯ ಗುಲಗಂಜಿ ಹುಳುವಾದರೋ ಸಸ್ಯಹೇನು ತಿನ್ನುವ ಮಿತ್ರ.

ಕುಲವರಿಯದೆ ವಿಷ ಸುರಿದರೆ ಹಣವೂ ಹೋದೀತು, ಮಿತ್ರನೂ ಸತ್ತಾನು. ನಾವು ಹೇಳುವುದಿಷ್ಟೆ: ಮೊದಲು ಕಾಯಿ ಸೀಳಿ ನೋಡಿರಿ, ಆಮೇಲೆ ಅಂಗಡಿಗೆ ಹೋಗಿರಿ.