ವರದಿಗಾರರಿಲ್ಲದ ಊರಿಗೆ ಹೊಸ ಕಾನೂನು

ಅಮೆರಿಕದ ಬಡವರಿಗೆ ಸಿಗುವ ನೆರವಿನ ನಿಯಮಗಳು ಬದಲಾಗುತ್ತಿವೆ. ಯಾವುದು ಯಾವಾಗ ಬದಲಾಗುತ್ತದೆ ಎಂಬುದೂ ನಿಗದಿಯಾಗಿದೆ. 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾನೂನಿನ ಪ್ರಕಾರ, ‘ಸ್ನ್ಯಾಪ್’ ಎಂಬ ಆಹಾರ ನೆರವು ಪಡೆಯುವ, ದುಡಿಯಲು ಶಕ್ತರಾದ 64 ವರ್ಷದವರೆಗಿನ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸದ ಅಥವಾ ತರಬೇತಿಯ ಲೆಕ್ಕ ಕೊಡಬೇಕು. 14 ತುಂಬಿದ ಮಕ್ಕಳಿರುವ ತಂದೆತಾಯಿಗೂ ಈಗ ಇದು ಅನ್ವಯ. ಯೋಜನೆ ನಡೆಸುವ ಆಡಳಿತ ವೆಚ್ಚದಲ್ಲಿ ರಾಜ್ಯಗಳ ಪಾಲು 2026ರ ಅಕ್ಟೋಬರ್‌ನಿಂದ ಶೇ 50ರಿಂದ ಶೇ 75ಕ್ಕೆ ಏರುತ್ತದೆ. ಮೆಡಿಕೇಡ್ ಆರೋಗ್ಯ ನೆರವಿಗೂ ದುಡಿಮೆಯ ಷರತ್ತು 2027ರ ಜನವರಿ ಹೊತ್ತಿಗೆ ಬರುತ್ತದೆ. ತಪ್ಪು ಪಾವತಿಯ ಪ್ರಮಾಣ ಶೇ 6ನ್ನು ಮುಟ್ಟಿದ ರಾಜ್ಯಗಳು 2027ರ ಅಕ್ಟೋಬರ್‌ನಿಂದ ಆಹಾರ ನೆರವಿನ ಹಣದಲ್ಲೂ ಪಾಲು ಕೊಡಬೇಕಾಗುತ್ತದೆ.

ಈ ಕಾನೂನು ನೆಲಕ್ಕೆ ಇಳಿಯುವ ಹೊತ್ತಿನಲ್ಲೇ ಅದರ ಫಲ ಏನೆಂದು ಹೋಗಿ ನೋಡಿ ಬರೆಯಬೇಕಾದವರು ನ್ಯೂಜೆರ್ಸಿಯಲ್ಲಿ ಕಡಿಮೆಯಾಗುತ್ತಿದ್ದಾರೆ. 1867ರಿಂದ ಹೊರಬರುತ್ತಿದ್ದ ‘ಜೆರ್ಸಿ ಜರ್ನಲ್’ 2025ರ ಫೆಬ್ರವರಿ 1ರಂದು ಕೊನೆಯ ಸಂಚಿಕೆ ಮುದ್ರಿಸಿ ಬಾಗಿಲು ಹಾಕಿತು. ಮರುದಿನ, ಭಾನುವಾರ, ರಾಜ್ಯದ ಅತಿ ದೊಡ್ಡ ಪತ್ರಿಕೆ ‘ಸ್ಟಾರ್-ಲೆಡ್ಜರ್’ ಮುದ್ರಣ ನಿಲ್ಲಿಸಿ ಜಾಲತಾಣಕ್ಕೆ ಸೀಮಿತವಾಯಿತು. ರಾಜ್ಯದ ಸಾರ್ವಜನಿಕ ದೂರದರ್ಶನ ‘ಎನ್‌ಜೆ ಪಿಬಿಎಸ್’ ಅನ್ನು 2011ರಿಂದ ನಡೆಸುತ್ತ ಬಂದ ನ್ಯೂಯಾರ್ಕಿನ ಡಬ್ಲ್ಯುಎನ್‌ಇಟಿ ಸಂಸ್ಥೆ, 2026ರ ಜೂನ್ 30ಕ್ಕೆ ಮುಗಿಯುವ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಮೊದಲೇ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ಎಂಬ ಎರಡು ದೊಡ್ಡ ಮಾರುಕಟ್ಟೆಗಳ ನಡುವೆ ಸಿಕ್ಕಿ ತನ್ನ ಸುದ್ದಿ ತಾನು ಕಾಣದ ರಾಜ್ಯ ಇದು. ಹೊಸ ಕಾನೂನು, ಕಡಿಮೆಯಾಗುತ್ತಿರುವ ವರದಿಗಾರರು ಎಂಬ ಈ ಎರಡು ಬೆಳವಣಿಗೆಗಳನ್ನು ಜೊತೆಗಿಟ್ಟು ನೋಡಿದಾಗ ಕಾಣುವ ಅಪಾಯದ ಬಗ್ಗೆ ಈಗಲೇ ಎಚ್ಚರಿಸುವುದು ನಮ್ಮ ಕರ್ತವ್ಯ.

ಮಾಧ್ಯಮದ ಬಗ್ಗೆ ಅಮೆರಿಕದ ಸಂಪ್ರದಾಯವಾದಿಗಳು ಬಹುಕಾಲದಿಂದ ಹೇಳುತ್ತ ಬಂದ ದೂರೊಂದಿದೆ. ದೊಡ್ಡ ಮಾಧ್ಯಮ ಸಂಸ್ಥೆಗಳಲ್ಲಿ ಕೂತವರೆಲ್ಲ ಒಂದೇ ಬಗೆಯ ಕಾಲೇಜು, ಒಂದೇ ಬಗೆಯ ಬಡಾವಣೆ, ಒಂದೇ ರಾಜಕೀಯದಿಂದ ಬಂದವರು. ಅವರ ಸುದ್ದಿಯೂ ಹಾಗೇ ಇರುತ್ತದೆ ಎಂಬುದು ಆ ದೂರು. 1969ರ ನವೆಂಬರ್‌ನಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಇದನ್ನೇ ಬಹಿರಂಗ ಭಾಷಣದಲ್ಲಿ ಹೇಳಿದರು. ಇದೇ ಅಸಮಾಧಾನದ ಮೇಲೆ 1996ರಲ್ಲಿ ನ್ಯೂಯಾರ್ಕಿನಿಂದ ಫಾಕ್ಸ್ ನ್ಯೂಸ್ ಪ್ರಸಾರ ಆರಂಭಿಸಿತು. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. 2020ರ ಅಕ್ಟೋಬರ್‌ನಲ್ಲಿ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ ಲ್ಯಾಪ್‌ಟಾಪಿನ ಸುದ್ದಿ ಪ್ರಕಟಿಸಿದಾಗ ಟ್ವಿಟರ್ ಅದರ ಕೊಂಡಿಯನ್ನೇ ತಡೆಯಿತು. ಅನೇಕ ಸುದ್ದಿಮನೆಗಳು ಅದನ್ನು ಮುಟ್ಟಲು ಹಿಂಜರಿದವು. ಆ ಲ್ಯಾಪ್‌ಟಾಪಿನ ಕೆಲವು ಇಮೇಲ್‌ಗಳು ನಿಜವೆಂದು ‘ನ್ಯೂಯಾರ್ಕ್ ಟೈಮ್ಸ್’ ಖಚಿತಪಡಿಸಿದ್ದು 2022ರ ಮಾರ್ಚ್‌ನಲ್ಲಿ, ಚುನಾವಣೆ ಮುಗಿದು ಒಂದೂವರೆ ವರ್ಷ ಆಗುತ್ತ ಬಂದಾಗ. ಎನ್‌ಪಿಆರ್ ಸಾರ್ವಜನಿಕ ಬಾನುಲಿಯ ಹಿರಿಯ ಸಂಪಾದಕ ಉರಿ ಬರ್ಲಿನರ್ ತಮ್ಮ ಸಂಸ್ಥೆಯಲ್ಲಿ ಭಿನ್ನ ಅಭಿಪ್ರಾಯಕ್ಕೆ ಜಾಗವಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಬರೆದರು. ಅವರನ್ನು ಅಮಾನತು ಮಾಡಲಾಯಿತು; ಅವರು ರಾಜೀನಾಮೆ ಕೊಟ್ಟರು. ಇಂಥ ನಡೆಗಳ ಬೆಲೆಯನ್ನು ಪತ್ರಿಕೋದ್ಯಮ ಈಗ ತೆರುತ್ತಿದೆ. ಮಾಧ್ಯಮದ ಮೇಲೆ ವಿಶ್ವಾಸವಿದೆ ಎಂದ ಅಮೆರಿಕನ್ನರು 2025ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 28 ಮಾತ್ರ. ರಿಪಬ್ಲಿಕನ್ನರಲ್ಲಿ ಶೇ 8.

ದೂರು ನ್ಯಾಯವಾದದ್ದೇ. ಆದರೆ ಅದಕ್ಕೆ ಹುಡುಕಿಕೊಂಡ ಮದ್ದು, ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಿದೆ. ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರನ್ನು ಕಾಂಗ್ರೆಸ್ 2025ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಸಿಟ್ಟು ಇದ್ದದ್ದು ರಾಷ್ಟ್ರಮಟ್ಟದ ಸುದ್ದಿಮನೆಗಳ ಮೇಲೆ. ಹೆಚ್ಚು ಪೆಟ್ಟು ಬಿದ್ದದ್ದು ಸಣ್ಣ ಊರುಗಳ ನಿಲಯಗಳಿಗೆ. ದೊಡ್ಡವರಿಗೆ ಚಂದಾದಾರರಿದ್ದಾರೆ, ದಾನಿಗಳಿದ್ದಾರೆ. ನ್ಯೂಜೆರ್ಸಿಯ ಪ್ಯಾಟರ್‌ಸನ್ ನಗರಸಭೆಯ ಬಜೆಟ್ ಸಭೆಯಲ್ಲಿ ಕೊನೆಯವರೆಗೂ ಕೂರುವ ವರದಿಗಾರನಿಗೆ ಅಂಥ ಆಸರೆ ಇಲ್ಲ. ಆತ ಹೋದ ಮೇಲೆ ಆ ಊರಿನ ಬಗ್ಗೆ ಮಾತನಾಡುವವರು ಮ್ಯಾನ್‌ಹಟನ್ನಿನ ಸ್ಟುಡಿಯೊಗಳಲ್ಲಿ ಕೂತ ಎರಡು ಬಣದವರು ಮಾತ್ರ.

ಬಡತನದ ವಿಷಯದಲ್ಲಿ ಈ ಕೊರತೆ ಹೆಚ್ಚು ನೋಯಿಸುತ್ತದೆ. ನೆರವು ಅತಿಯಾದರೆ ದುಡಿಮೆಯ ಹಂಬಲ ಕುಗ್ಗುತ್ತದೆ ಎಂಬುದು ಸಂಪ್ರದಾಯವಾದಿಗಳ ವಾದ. ನ್ಯೂಯಾರ್ಕಿನ ಮ್ಯಾನ್‌ಹಟನ್ ಇನ್‌ಸ್ಟಿಟ್ಯೂಟ್ ಬೆಂಬಲದಿಂದ ಚಾರ್ಲ್ಸ್ ಮರ್ರೆ 1984ರಲ್ಲಿ ಪ್ರಕಟಿಸಿದ ಪುಸ್ತಕ ಈ ವಾದಕ್ಕೆ ಗಟ್ಟಿ ರೂಪ ಕೊಟ್ಟಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಸುಧಾರಣೆ ಅದರ ಮೇಲೇ ನಿಂತದ್ದು. ಆ ಬಳಿಕ ಕೆಲಸಕ್ಕೆ ಸೇರಿದ ಒಂಟಿ ತಾಯಂದಿರ ಸಂಖ್ಯೆ ಹೆಚ್ಚಿದ್ದು ಸುಳ್ಳಲ್ಲ. ಅಧಿಕೃತ ಬಡತನದ ಲೆಕ್ಕದಲ್ಲಿ ಆಹಾರ ನೆರವನ್ನೂ ತೆರಿಗೆ ಮರುಪಾವತಿಯನ್ನೂ ಆದಾಯವಾಗಿ ಸೇರಿಸುವುದಿಲ್ಲ, ಹಾಗಾಗಿ ಬಡತನ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬ ಅವರ ಆಕ್ಷೇಪವೂ ಸರಿಯಾದದ್ದು.

ಆದರೆ ಆ ನೆರವು, ಮರುಪಾವತಿ ಎರಡನ್ನೂ ಸೇರಿಸಿ, ಊರಿನ ಬಾಡಿಗೆಯನ್ನೂ ಗಣನೆಗೆ ತೆಗೆದುಕೊಂಡು ಲೆಕ್ಕ ಹಾಕಿದವರೂ ಇದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ರಾಬಿನ್ ಹುಡ್ ಸಂಸ್ಥೆ ನಡೆಸುವ ಸಮೀಕ್ಷೆಯ ಪ್ರಕಾರ 2023ರಲ್ಲಿ ನ್ಯೂಯಾರ್ಕ್ ನಗರದ ನಾಲ್ವರಲ್ಲಿ ಒಬ್ಬರು ಬಡವರು. ಸುಮಾರು 20 ಲಕ್ಷ ಜನ. ಇಡೀ ದೇಶದ ಸರಾಸರಿಗೆ ಇದು ಸುಮಾರು ಎರಡು ಪಟ್ಟು. ದುಡಿಯುತ್ತಿದ್ದರೂ ತಿಂಗಳ ಕೊನೆ ಮುಟ್ಟಲಾಗದ ಕುಟುಂಬಗಳನ್ನು ಬೇರೆಯಾಗಿ ಎಣಿಸುವ ‘ಆಲಿಸ್’ ಎಂಬ ವಿಧಾನ ಹುಟ್ಟಿದ್ದೂ ಉತ್ತರ ನ್ಯೂಜೆರ್ಸಿಯ ಯುನೈಟೆಡ್ ವೇ ಸಂಸ್ಥೆಯಲ್ಲಿ. ದುಡಿಯದವರಷ್ಟೇ ಬಡವರು ಎಂಬ ಮಾತಿಗೂ, ಬಡವರೆಲ್ಲ ವ್ಯವಸ್ಥೆಯ ಬಲಿಪಶುಗಳು ಎಂಬ ಮಾತಿಗೂ ಈ ಲೆಕ್ಕಗಳು ಒಗ್ಗುವುದಿಲ್ಲ.

ಹೊಸ ಷರತ್ತು ಜನರನ್ನು ಕೆಲಸಕ್ಕೆ ಹಚ್ಚುತ್ತದೆಯೋ, ಕಾಗದಪತ್ರ ಒದಗಿಸಲಾಗದವರನ್ನು ಹೊರದಬ್ಬುತ್ತದೆಯೋ ಎಂಬುದು ಚರ್ಚೆಯಲ್ಲಿ ತೀರ್ಮಾನವಾಗುವ ವಿಷಯವಲ್ಲ. ಅರ್ಕಾನ್ಸಾ ರಾಜ್ಯ 2018ರಲ್ಲಿ ಮೆಡಿಕೇಡ್‌ಗೆ ಇಂಥದ್ದೇ ಷರತ್ತು ಹಾಕಿದಾಗ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ನೆರವು ಕಳೆದುಕೊಂಡರು. ಅವರಲ್ಲಿ ಅನೇಕರು ಕೆಲಸದಲ್ಲಿದ್ದವರೇ. ಲೆಕ್ಕ ಸಲ್ಲಿಸುವ ಬಗೆ ತಿಳಿಯದೆ ಹೊರಬಿದ್ದವರು. 2019ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ನ್ಯೂಜೆರ್ಸಿಯಲ್ಲಿ ಆಹಾರ ನೆರವಿನ ಅರ್ಜಿ ನೋಡುವುದು 21 ಕೌಂಟಿಗಳ ಕಚೇರಿಗಳು. ಪಸ್ಸೇಕ್‌ನಲ್ಲಿ, ಕಂಬರ್‌ಲ್ಯಾಂಡ್‌ನಲ್ಲಿ ಎಷ್ಟು ಅರ್ಜಿ ತಿರಸ್ಕೃತವಾಯಿತು, ಯಾವ ಕಾರಣಕ್ಕೆ, ಎಷ್ಟು ಮಂದಿಗೆ ನಿಜಕ್ಕೂ ಕೆಲಸ ಸಿಕ್ಕಿತು ಎಂಬುದನ್ನು ಆ ಕಚೇರಿಗಳ ಬಾಗಿಲಲ್ಲಿ ನಿಂತು ವಿಚಾರಿಸಬೇಕು. ಸಂಪ್ರದಾಯವಾದಿಗಳ ನಂಬಿಕೆ ನಿಜವಾದರೆ ಅದನ್ನು ಸಾಬೀತು ಮಾಡುವುದೂ ಆ ವರದಿಯೇ. ಸ್ಥಳೀಯ ಸಂಸ್ಥೆ, ತೆರಿಗೆ ಹಣದ ಲೆಕ್ಕ, ನೆರೆಹೊರೆಯ ಹೊಣೆ ಇವನ್ನು ಎತ್ತಿ ಹಿಡಿಯುವವರಿಗೆ ಊರಿನ ಪತ್ರಿಕೆ ಸಾಯುವುದು ಎಲ್ಲರಿಗಿಂತ ಹೆಚ್ಚಿನ ನಷ್ಟ.

ಇದು ಕನ್ನಡಿಗರಾದ ನಮಗೆ ಅರ್ಥವಾಗದ ಸಂಗತಿಯಲ್ಲ. ಕರ್ನಾಟಕ ಸರ್ಕಾರದ ‘ಗ್ಯಾರಂಟಿ’ ನೆರವಿನ ಯೋಜನೆಗಳನ್ನು ಒಂದು ಕಡೆಯವರು ಬಿಟ್ಟಿ ಭಾಗ್ಯ ಎಂದು ಜರೆಯುವುದನ್ನೂ ಇನ್ನೊಂದು ಕಡೆಯವರು ಬಡವರ ಹಕ್ಕು ಎಂದು ಸಮರ್ಥಿಸುವುದನ್ನೂ ನ್ಯೂಜೆರ್ಸಿಯ ಕನ್ನಡಿಗರೂ ದಿನವೂ ಓದುತ್ತಾರೆ. 2024ರ ನವೆಂಬರ್‌ನಲ್ಲಿ ಅನರ್ಹರ ಬಿಪಿಎಲ್ ಕಾರ್ಡ್ ತೆಗೆಯಲು ಹೊರಟಾಗ ಅರ್ಹರ ಕಾರ್ಡ್‌ಗಳೂ ರದ್ದಾದವು. ಪಡಿತರ ಸಿಗದೆ ಬರಿಗೈಲಿ ಮರಳಿದವರ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬಂತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ಮರಳಿಸುವಂತೆ ಸರ್ಕಾರ ಸೂಚಿಸಬೇಕಾಯಿತು. ಅನರ್ಹರನ್ನು ತೆಗೆಯಬೇಕೆಂಬ ಉದ್ದೇಶ ತಪ್ಪಾಗಿರಲಿಲ್ಲ. ಆಚರಣೆಯಲ್ಲಿ ಆದ ತಪ್ಪು ತಾಲ್ಲೂಕಿನಲ್ಲಿ ವರದಿಗಾರರು ಇದ್ದದ್ದರಿಂದ ಬೇಗ ಕಣ್ಣಿಗೆ ಬಿತ್ತು.

ಊರಿನ ಪತ್ರಿಕೆ ಉಳಿಯಬೇಕು ಎನ್ನಲು ನಮಗೆ ಇನ್ನೊಂದು ಕಾರಣವೂ ಇದೆ. 1987ರ ಬೇಸಿಗೆಯಲ್ಲಿ ಜೆರ್ಸಿ ಸಿಟಿಯಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದವು. ಭಾರತೀಯರನ್ನು ಊರುಬಿಟ್ಟು ಓಡಿಸುತ್ತೇವೆ ಎಂದು ‘ಡಾಟ್‌ಬಸ್ಟರ್ಸ್’ ಹೆಸರಿನ ಗುಂಪು ಬರೆದ ಪತ್ರವನ್ನು ‘ಜೆರ್ಸಿ ಜರ್ನಲ್’ ಅಚ್ಚು ಹಾಕಿತು. ಕೆಲವೇ ವಾರಗಳಲ್ಲಿ ಹೊಬೋಕನ್‌ನಲ್ಲಿ ಒಬ್ಬ ಭಾರತೀಯ ಯುವಕ ಗುಂಪಿನ ಹೊಡೆತಕ್ಕೆ ಸಿಕ್ಕಿ ಸತ್ತ. ಆ ಪತ್ರ ಅಚ್ಚಾದದ್ದರಿಂದ ದ್ವೇಷದ ರೂಪ ಎಲ್ಲರಿಗೂ ತಿಳಿಯಿತು, ಸಮುದಾಯ ಸಂಘಟಿತವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದಾಗಿನಿಂದ ಭಾರತೀಯರ ವಿರುದ್ಧದ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಮತ್ತೆ ಬಿರುಸಾಗಿದೆ. ಎಡಿಸನ್ನಿನಲ್ಲೋ ಜೆರ್ಸಿ ಸಿಟಿಯಲ್ಲೋ ನಾಳೆ ಏನಾದರೂ ನಡೆದರೆ ವದಂತಿಯನ್ನು ಸತ್ಯದಿಂದ ಬೇರ್ಪಡಿಸುವ ಸ್ಥಳೀಯ ವರದಿಗಾರ ಬೇಕು. ಅವನಿಗೆ ಸಂಬಳ ಕೊಡುವವರು ಯಾರು ಎಂಬುದು ನಮ್ಮದೂ ಪ್ರಶ್ನೆ.

ಮಾಡಬಹುದಾದ ಕೆಲಸಗಳಿವೆ. ಊರಿನ ಸುದ್ದಿಗೆ ಸಾರ್ವಜನಿಕ ಹಣ ನೀಡಲು ನ್ಯೂಜೆರ್ಸಿ 2018ರಲ್ಲೇ ಕಾನೂನು ಮಾಡಿ ‘ಸಿವಿಕ್ ಇನ್ಫರ್ಮೇಷನ್ ಕನ್ಸಾರ್ಟಿಯಮ್’ ಸ್ಥಾಪಿಸಿದ ರಾಜ್ಯ. ಬಜೆಟ್ ಹೊತ್ತಿನಲ್ಲಿ ಅದರ ಹಣ ಕಡಿತವಾಗದಂತೆ ನಿಮ್ಮ ಶಾಸಕರಿಗೆ ಬರೆಯಿರಿ. ಸುದ್ದಿಮನೆಗಳು ಸಂಪ್ರದಾಯವಾದಿ ಮನೆಗಳ ಮಕ್ಕಳನ್ನೂ ವರದಿಗಾರರಾಗಿ ತೆಗೆದುಕೊಳ್ಳಲಿ, ತಪ್ಪಾದಾಗ ಮೊದಲ ಪುಟದಲ್ಲೇ ತಿದ್ದಲಿ. ವಿಶ್ವಾಸ ಮರಳಲು ಬೇರೆ ದಾರಿಯಿಲ್ಲ. ನ್ಯೂಜೆರ್ಸಿಯ ಬೃಂದಾವನ, ನ್ಯೂಯಾರ್ಕ್ ಕನ್ನಡ ಕೂಟದಂಥ ಸಂಘಗಳು ಊರಿನ ವರದಿಗಾರರನ್ನು ತಮ್ಮ ಸಭೆಗಳಿಗೆ ಕರೆಯಲಿ, ಅವರ ಪತ್ರಿಕೆಗಳಿಗೆ ಚಂದಾ ಕಟ್ಟುವಂತೆ ಸದಸ್ಯರಿಗೆ ಹೇಳಲಿ. ಎಡಕ್ಕೋ ಬಲಕ್ಕೋ ವಾಲಿದ ಚಾನೆಲ್‌ಗೆ ತಿಂಗಳು ತಿಂಗಳು ಕೊಡುವ ಹಣದಲ್ಲಿ ಸ್ವಲ್ಪವನ್ನಾದರೂ ನಿಮ್ಮ ಕೌಂಟಿಯ ಸುದ್ದಿಗೆ ಕೊಡಿ. ಕಾನೂನಿನ ದಿನಾಂಕಗಳು ನಮಗಾಗಿ ಕಾಯುವುದಿಲ್ಲ. ಆ ದಿನ ಬರುವ ಮೊದಲೇ ವರದಿಗಾರ ಊರಿನಲ್ಲಿರಬೇಕು.