ಮಿಕ್ಕಿ ಕೊಟ್ಟ ಡಾಲರ್ ಮಿಕ್ಕಿಗೇ ವಾಪಸ್

ಡಿಸ್ನಿ ಹೆಸರಿನ ಕ್ರೆಡಿಟ್ ಕಾರ್ಡ್ ಅಂತ ಅಮೆರಿಕದಲ್ಲಿ ಒಂದಿದೆ. ಕೊಡೋದು ಚೇಸ್ ಬ್ಯಾಂಕ್, ನೆಟ್‌ವರ್ಕ್ ವೀಸಾ. ಕಾರ್ಡಿನ ಮೇಲೆ ಮಿಕ್ಕಿ ಬೇಕೋ, ಎಲ್ಸಾ ಬೇಕೋ, ಸ್ಟಾರ್ ವಾರ್ಸ್ ಬೇಕೋ, ನಾವೇ ಆರಿಸ್ಕೋಬಹುದು. ಇದರ ಬಗ್ಗೆ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ವರ್ಷಕ್ಕೆ 49 ಡಾಲರ್ ಶುಲ್ಕ ತಗೊಳ್ಳೋ 'ಪ್ರೀಮಿಯರ್' ಕಾರ್ಡ್ ಹೆಚ್ಚಿನ ಕುಟುಂಬಗಳಿಗೆ ಬೇಡವೇ ಬೇಡ. ಶುಲ್ಕ ಇಲ್ಲದ ಕಾರ್ಡ್ ಪರ್ಸಿನಲ್ಲಿ ಇದ್ದರೆ ಇರಲಿ, ಆದರೆ ಪಾರ್ಕಿನ ಒಳಗೆ ಮಾತ್ರ ಅದು ಹೊರಗೆ ಬರಲಿ.

ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗೋಕೇ ತಿಂಗಳುಗಟ್ಟಲೆ ದುಡ್ಡು ಕೂಡಿಸೋ ನಮಗ್ಯಾಕೆ ಫ್ಲಾರಿಡಾದ ಪಾರ್ಕಿನ ಉಸಾಬರಿ ಅಂತ ಕೇಳಬಹುದು. ಕಾರಣ ಇದೆ. ನಮ್ಮಲ್ಲೊಬ್ಬನ ದೊಡ್ಡಪ್ಪನ ಮಗಳು ಟೆಕ್ಸಸ್‌ನಲ್ಲಿದ್ದಾರೆ. ಅವರ ಆರು ವರ್ಷದ ಮಗಳಿಗೆ ಡಿಸ್ನಿ ಹುಚ್ಚು, ಎರಡು ವರ್ಷಕ್ಕೊಮ್ಮೆ ಆರ್ಲ್ಯಾಂಡೊ ಟ್ರಿಪ್ಪು ಗ್ಯಾರಂಟಿ. "ನೀವೆಲ್ಲ ಇಂಜಿನಿಯರ್‌ಗಳಾಗೋರು ಅಲ್ವೇನ್ರೋ, ಈ ಕಾರ್ಡ್ ತಗೊಳ್ಳಲಾ ಬೇಡ್ವಾ ಲೆಕ್ಕ ಹಾಕಿ ಹೇಳಿ" ಅಂತ ಅಕ್ಕ ಮೆಸೇಜ್ ಮಾಡಿದ್ರು. ನಾವು ಮೂವರು ಕೂತು ಎಕ್ಸೆಲ್ ಶೀಟ್ ಮಾಡಿದ್ವಿ. ಇನ್ನೊಂದು ಕಾರಣ, ನಮ್ಮ ಫೈನಲ್ ಇಯರ್ ಸೀನಿಯರ್ಸ್‌ನಲ್ಲಿ ಕೆಲವರು ಎಂಎಸ್‌ಗೆ ಅಂತ ವಿಮಾನ ಹತ್ತೋರು. ಇಳಿದ ಮೇಲೆ ಅವರಿಗೂ ಇಂಥ ಕಾರ್ಡುಗಳ ಜಾಹೀರಾತು ಬರೋದು ಖಂಡಿತ.

ಮೊದಲು ಕಾರ್ಡ್ ಏನು ಕೊಡುತ್ತೆ ನೋಡೋಣ. ಶುಲ್ಕ ಇಲ್ಲದ ಕಾರ್ಡಿನಲ್ಲಿ ಸಾಮಾನ್ಯ ಖರ್ಚಿಗೆ 1% ವಾಪಸ್. ಪ್ರೀಮಿಯರ್‌ನಲ್ಲಿ ಪೆಟ್ರೋಲ್, ದಿನಸಿ, ಹೋಟೆಲ್ ಊಟ ಮತ್ತು ಹೆಚ್ಚಿನ ಡಿಸ್ನಿ ಜಾಗಗಳಲ್ಲಿ 2%, ಡಿಸ್ನಿ ಪ್ಲಸ್ ಥರದ ಅವರದೇ ಸ್ಟ್ರೀಮಿಂಗ್‌ಗೆ 5%, ಉಳಿದದ್ದಕ್ಕೆಲ್ಲ 1%. ಇದರ ಜೊತೆಗೆ ಎರಡೂ ಕಾರ್ಡಿಗೆ ಪಾರ್ಕಿನ ಆಯ್ದ ಅಂಗಡಿಗಳಲ್ಲಿ 50 ಡಾಲರ್ ದಾಟಿದ ಖರೀದಿಗೆ 10% ರಿಯಾಯಿತಿ, ಆಯ್ದ ರೆಸ್ಟೋರೆಂಟ್‌ಗಳಲ್ಲೂ 10%. ಕಾರ್ಡುದಾರರಿಗೆ ಅಂತಲೇ ಬೇರೆ ಜಾಗದಲ್ಲಿ ಮಿಕ್ಕಿ ಬಳಗದ ಜೊತೆ ಫೋಟೋ. ಪಾರ್ಕಿನ ಪ್ರವೇಶ ಟಿಕೆಟ್‌ಗೆ ಮಾತ್ರ ಈ 10% ಇಲ್ಲ. ಜನಜಂಗುಳಿಯ ದಿನ ಮ್ಯಾಜಿಕ್ ಕಿಂಗ್‌ಡಮ್ ಟಿಕೆಟ್ ಒಬ್ಬರಿಗೆ 200 ಡಾಲರ್ ಆಸುಪಾಸು ಮುಟ್ಟುತ್ತೆ. ಅಂದ್ರೆ ದೊಡ್ಡ ಖರ್ಚು ಎಲ್ಲಿದೆಯೋ ಅಲ್ಲಿ ರಿಯಾಯಿತಿ ಸೊನ್ನೆ, ಕಿವಿ ಇರೋ ಟೋಪಿಗೆ 10%!

ಈಗ ಲೆಕ್ಕ. ಅಕ್ಕನ ಮನೆಯಲ್ಲಿ ದಿನಸಿ, ಪೆಟ್ರೋಲ್, ಹೊರಗಿನ ಊಟ ಸೇರಿ ತಿಂಗಳಿಗೆ 1000 ಡಾಲರ್, ಕಾರ್ಡಿನಲ್ಲೇ ಕಟ್ಟೋ ಬೇರೆ ಖರ್ಚು 800 ಅಂತ ಇಟ್ಕೊಂಡ್ವಿ. ವರ್ಷಕ್ಕೆ 12000 ಮತ್ತು 9600. ಪ್ರೀಮಿಯರ್ ಕೊಡೋದು 240 ಕೂಡಿಸು 96, ಅದರಲ್ಲಿ ಶುಲ್ಕ 49 ಕಳೆದ್ರೆ 287. ಶುಲ್ಕ ಇಲ್ಲದ ಡಿಸ್ನಿ ಕಾರ್ಡ್ 216. ಇಷ್ಟು ನೋಡಿದ್ರೆ ಪ್ರೀಮಿಯರ್ ಗೆದ್ದ ಹಾಗೆ ಕಾಣುತ್ತೆ. ಎರಡರ ನಡುವೆ ವ್ಯತ್ಯಾಸ ಇರೋ 1% ಮೇಲೆ 49 ಡಾಲರ್ ಹುಟ್ಟಬೇಕಾದ್ರೆ ಆ ವಿಭಾಗಗಳಲ್ಲಿ ವರ್ಷಕ್ಕೆ 4900 ಖರ್ಚಾಗಬೇಕು, ಅದು ಆರಾಮಾಗಿ ಆಗುತ್ತೆ. ಬ್ಯಾಂಕಿನ ಜಾಹೀರಾತು ನಮ್ಮನ್ನ ತಂದು ನಿಲ್ಲಿಸೋದೂ ಈ ಹೋಲಿಕೆಯ ಹತ್ತಿರಾನೇ.

ಆದರೆ ಹೋಲಿಸಬೇಕಾದ್ದು ಡಿಸ್ನಿಯನ್ನ ಡಿಸ್ನಿ ಜೊತೆ ಅಲ್ಲ. ಅಮೆರಿಕದಲ್ಲಿ ಸಿಟಿ ಡಬಲ್ ಕ್ಯಾಶ್, ವೆಲ್ಸ್ ಫಾರ್ಗೋ ಆಕ್ಟಿವ್ ಕ್ಯಾಶ್ ಅನ್ನೋ ಕಾರ್ಡುಗಳಿವೆ. ವಾರ್ಷಿಕ ಶುಲ್ಕ ಇಲ್ಲ, ದಿನಸಿಯೋ ಔಷಧಿಯೋ ನೋಡದೆ ಎಲ್ಲದಕ್ಕೂ 2%. ಅದೇ ಖರ್ಚಿಗೆ ಇವು ಕೊಡೋದು 432. ಅಂದ್ರೆ ಪ್ರೀಮಿಯರ್‌ಗಿಂತ 145 ಡಾಲರ್ ಜಾಸ್ತಿ. ಸ್ಟ್ರೀಮಿಂಗ್‌ನ 5% ಈ ಅಂತರ ತುಂಬುತ್ತಾ? ವರ್ಷಕ್ಕೆ 200 ಡಾಲರ್ ಸ್ಟ್ರೀಮಿಂಗ್‌ಗೆ ಕಟ್ಟಿದ್ರೂ ಬರೋದು 10 ಡಾಲರ್, 2% ಕಾರ್ಡಿನಲ್ಲಿ 4 ಬರ್ತಿತ್ತು. ಆರು ಡಾಲರ್‌ಗೆ ಆರ್ಲ್ಯಾಂಡೊದಲ್ಲಿ ಒಂದು ಪಾಪ್‌ಕಾರ್ನ್ ಬರಬಹುದೇನೋ.

ಪಾರ್ಕಿನ 10% ರಿಯಾಯಿತಿ ಮಾತ್ರ ನಿಜವಾದ ಲಾಭ, ಅದನ್ನ ಅಲ್ಲಗಳೆಯಲ್ಲ. ಟ್ರಿಪ್ಪಿನಲ್ಲಿ 600 ಡಾಲರ್ ಬೊಂಬೆ, ಬಟ್ಟೆ ಕೊಂಡ್ರೆ 60 ಉಳೀತು. ಆದರೆ ಅದು ಶುಲ್ಕ ಇಲ್ಲದ ಕಾರ್ಡಿಗೂ ಸಿಗುತ್ತಲ್ಲ, 49 ಯಾಕೆ ಕಟ್ಟಬೇಕು? ವಾರ್ಷಿಕ ಪಾಸ್ ಇರೋರಿಗಂತೂ ಅಂಗಡಿಗಳಲ್ಲಿ ಇದಕ್ಕಿಂತ ದೊಡ್ಡ ರಿಯಾಯಿತಿ ಹೇಗೂ ಇದೆ. ಟಿಕೆಟ್ ಖರ್ಚಿಗೆ ಇನ್ನೊಂದು ಹಳೇ ಉಪಾಯ ಅಲ್ಲಿನವರಿಗೆ ಗೊತ್ತು: ಟಾರ್ಗೆಟ್ ಅಂಗಡಿಯ ಕಾರ್ಡಿನಲ್ಲಿ 5% ಕಡಿಮೆಗೆ ಡಿಸ್ನಿ ಗಿಫ್ಟ್ ಕಾರ್ಡ್ ಕೊಂಡು ಅದರಲ್ಲಿ ಕಟ್ಟೋದು. ಡಿಸ್ನಿ ಖರ್ಚು ಕಡಿಮೆ ಮಾಡೋಕೆ ಡಿಸ್ನಿ ಕಾರ್ಡಿಗಿಂತ ಸಾಮಾನು ಅಂಗಡಿಯ ಕಾರ್ಡೇ ವಾಸಿ ಅನ್ನೋದು ನಮಗಂತೂ ತಮಾಷೆಯಾಗಿ ಕಂಡಿತು.

ಪ್ರೀಮಿಯರ್ ಪರವಾಗಿ ಇರೋ ಒಂದೇ ಗಟ್ಟಿ ವಾದ ಅಂದ್ರೆ ಮೊದಲ ವರ್ಷದ ಸ್ವಾಗತ ಕೊಡುಗೆ. ಮೊದಲ ಕೆಲವು ತಿಂಗಳಲ್ಲಿ ಹೇಳಿದಷ್ಟು ಖರ್ಚು ಮಾಡಿದ್ರೆ ನೂರಾರು ಡಾಲರ್ ಬರುತ್ತೆ. ಆ ವರ್ಷ ಟ್ರಿಪ್ ಇದ್ದರೆ, ಖರ್ಚು ಹೇಗೂ ಆಗೋದೇ ಆಗಿದ್ದರೆ, ತಗೊಂಡವರು ಜಾಣರೇ. ಆದರೆ ಎರಡನೇ ವರ್ಷದ ಶುಲ್ಕ ಬೀಳೋ ಮುಂಚೆ ಅದನ್ನ ಮತ್ತೆ ತೂಗಿ ನೋಡೋರು ಎಷ್ಟು ಜನ? ಎಲ್ಸಾ ಇರೋ ಕಾರ್ಡ್ ವಾಪಸ್ ಮಾಡ್ತೀನಿ ಅಂತ ಆರು ವರ್ಷದ ಮಗೂಗೆ ಹೇಳಿ ನೋಡಿ.

ಲೆಕ್ಕಕ್ಕಿಂತ ನಮ್ಮನ್ನ ಹೆಚ್ಚು ಕಾಡಿದ್ದು ಬೇರೆ. ಈ ಕಾರ್ಡಿನಲ್ಲಿ ವಾಪಸ್ ಬರೋದು ಡಾಲರ್ ಅಲ್ಲ, 'ಡಿಸ್ನಿ ರಿವಾರ್ಡ್ಸ್ ಡಾಲರ್'. ಒಂದಕ್ಕೆ ಒಂದು ಬೆಲೆ ನಿಜ, ಆದರೆ ಅದು ಮುಖ್ಯವಾಗಿ ಓಡೋದು ಡಿಸ್ನಿಯ ಲೋಕದಲ್ಲಿ: ಪಾರ್ಕ್, ಹಡಗು ಪ್ರವಾಸ, ಅವರ ಅಂಗಡಿ, ಅವರ ಸಿನಿಮಾ. ಮನೆ ಬಾಡಿಗೆಗೆ ಬರಲ್ಲ, ಊರಿಗೆ ಅಪ್ಪ ಅಮ್ಮನಿಗೆ ಕಳಿಸೋಕೂ ಬರಲ್ಲ. ಇದು ಅವರಿಗೆ ಹೊಸ ಐಡಿಯಾ ಅಲ್ಲ. 1987ರಲ್ಲೇ ಡಿಸ್ನಿ ತನ್ನದೇ ಕಾಗದದ ನೋಟು ತಂದಿತ್ತು, ಹೆಸರು 'ಡಿಸ್ನಿ ಡಾಲರ್'. ಒಂದರ ನೋಟಿನ ಮೇಲೆ ಮಿಕ್ಕಿ, ಐದರ ಮೇಲೆ ಗೂಫಿ. 2016ರವರೆಗೂ ಮಾರಿದ್ರು. ಎಷ್ಟೋ ಜನ ಅದನ್ನ ಖರ್ಚು ಮಾಡದೆ ನೆನಪಿಗೆ ಅಂತ ಮನೆಗೆ ತಗೊಂಡು ಹೋದ್ರು. ಖರ್ಚಾಗದ ಪ್ರತಿ ನೋಟೂ ಕಂಪನಿಗೆ ಪುಕ್ಕಟೆ ದುಡ್ಡು! ಈಗ ನೋಟಿನ ಬದಲು ಆ್ಯಪಿನಲ್ಲಿ ಒಂದು ಸಂಖ್ಯೆ. ಸಂಖ್ಯೆ 180 ಅಂತ ತೋರಿಸಿದ್ರೆ, "ಅಯ್ಯೋ ಸುಮ್ನೆ ಬಿದ್ದಿದೆ, ಒಂದು ಟ್ರಿಪ್ ಹಾಕೋಣ" ಅನ್ಸುತ್ತೆ. ಆ ಟ್ರಿಪ್ಪಿಗೆ ಕೈಯಿಂದ ಬೀಳೋದು 3000.

ಆ 3000 ಕಾರ್ಡಿನಲ್ಲೇ ಬಾಕಿ ಉಳಿದ್ರೆ ಕಥೆ ಮುಗೀತು. ಅಮೆರಿಕದ ಕಾರ್ಡುಗಳ ಬಡ್ಡಿ ಈಗ ವರ್ಷಕ್ಕೆ 20% ದಾಟಿದೆ. 24% ಅಂತ ಹಿಡಿದ್ರೆ ತಿಂಗಳಿಗೆ 60 ಡಾಲರ್. ವರ್ಷವಿಡೀ ಕೂಡಿಸಿದ 287 ಐದೇ ತಿಂಗಳಲ್ಲಿ ಹೋಯ್ತು. ಆಯ್ದ ಪ್ರವಾಸ ಪ್ಯಾಕೇಜ್‌ಗಳಿಗೆ ಆರು ತಿಂಗಳು ಬಡ್ಡಿ ಇಲ್ಲ ಅನ್ನೋ ಕೊಡುಗೆನೂ ಇದೆ. ಅದು ಸಾಲವನ್ನ ಮುಂದಕ್ಕೆ ತಳ್ಳುತ್ತೆ ಅಷ್ಟೇ.

ಹಾಗಾದ್ರೆ ಈ 2%, 5% ಎಲ್ಲ ಯಾರ ಜೇಬಿಂದ ಬರುತ್ತೆ? ಕಾರ್ಡ್ ಉಜ್ಜಿದಾಗ ಅಂಗಡಿಯವನು ಬ್ಯಾಂಕಿಗೆ ಕೊಡೋ ಶುಲ್ಕದಿಂದ. ಅವನು ಅದನ್ನ ಸಾಮಾನಿನ ಬೆಲೆಗೆ ಸೇರಿಸ್ತಾನೆ, ನೋಟು ಕೊಟ್ಟು ಕೊಳ್ಳೋನೂ ಅದೇ ಬೆಲೆ ಕಟ್ತಾನೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಕಾನೂನು ಮಾಡಿ, ಜನಸಾಮಾನ್ಯರ ಕ್ರೆಡಿಟ್ ಕಾರ್ಡಿಗೆ ಬ್ಯಾಂಕುಗಳ ನಡುವಿನ ಈ ಶುಲ್ಕವನ್ನ 0.3%ಕ್ಕೆ ಇಳಿಸಿತು. ಅಲ್ಲಿ ಇಂಥ ಧಾರಾಳ ಬಹುಮಾನ ಕಾಣೋದು ಕಷ್ಟ. ಅಮೆರಿಕದಲ್ಲಿ ಡೆಬಿಟ್ ಕಾರ್ಡಿಗೆ ಮಿತಿ ಇದೆ, ಕ್ರೆಡಿಟ್ ಕಾರ್ಡಿಗೆ ಇಲ್ಲ. ನಮ್ಮ ಕಾಲೇಜ್ ಗೇಟಿನ ಟೀ ಅಂಗಡಿಯಲ್ಲಿ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದಾಗ 2020ರಿಂದ ಈ ಶುಲ್ಕ ಸೊನ್ನೆ, ಅದಕ್ಕೇ ಅಲ್ಲಿ ನಮಗೆ ಬಹುಮಾನವೂ ಸೊನ್ನೆ. ಟೀ ಹತ್ತು ರೂಪಾಯಿಗೆ ಸಿಗ್ತಿರೋದ್ರಲ್ಲಿ ಇದರ ಪಾಲೂ ಸ್ವಲ್ಪ ಇರಬಹುದು.

ಅಕ್ಕನಿಗೆ ನಾವು ಕಳಿಸಿದ್ದು ಇಷ್ಟು: ದಿನದ ಖರ್ಚಿಗೆ 2% ಕಾರ್ಡ್, ಪಾರ್ಕಿನ ಅಂಗಡಿ ಮತ್ತು ಊಟಕ್ಕೆ ಮಾತ್ರ ಶುಲ್ಕ ಇಲ್ಲದ ಡಿಸ್ನಿ ಕಾರ್ಡ್, ತಿಂಗಳ ಕೊನೆಗೆ ಎರಡೂ ಪೂರ್ತಿ ಚುಕ್ತಾ. ಭಾವ ಒಪ್ಪಿದ್ರು. ಅಕ್ಕ "ಫೋಟೋ ಜಾಗದ ಬೆಲೆ ನಿಮ್ಮ ಎಕ್ಸೆಲ್‌ನಲ್ಲಿ ಎಲ್ಲಿ ಹಾಕಿದೀರಾ?" ಅಂತ ಕೇಳಿದ್ರು. ನ್ಯಾಯವಾದ ಪ್ರಶ್ನೆನೇ, ಆದರೆ ಅದೂ ಶುಲ್ಕ ಇಲ್ಲದ ಕಾರ್ಡಿನಲ್ಲೇ ಸಿಗುತ್ತೆ.

ಇನ್ನು ಎಂಎಸ್‌ಗೆ ಹೋಗೋ ಸೀನಿಯರ್ಸ್, ಇಳಿದ ದಿನ ನಿಮಗೆ ಅಲ್ಲಿ ಕ್ರೆಡಿಟ್ ಹಿಸ್ಟರಿ ಅನ್ನೋದೇ ಇರಲ್ಲ. ಸಾಮಾನ್ಯವಾಗಿ ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ವರದಿ ತೆಗೆಸುತ್ತೆ, ಸ್ಕೋರ್ ಸ್ವಲ್ಪ ಇಳಿಯುತ್ತೆ, ಆ ಗುರುತು ಎರಡು ವರ್ಷ ವರದಿಯಲ್ಲಿ ಉಳಿಯುತ್ತೆ. ಮೊದಲು ವಿದ್ಯಾರ್ಥಿಗಳ ಕಾರ್ಡೋ, ಠೇವಣಿ ಇಟ್ಟು ತಗೊಳ್ಳೋ ಕಾರ್ಡೋ ಒಂದು ಮಾಡಿಸ್ಕೊಳ್ಳಿ, ಒಂದು ವರ್ಷ ತಪ್ಪದೆ ಕಟ್ಟಿ. ಮಿಕ್ಕಿ ಎಲ್ಲಿಗೂ ಹೋಗಲ್ಲ.